ಸವಳು ನೀರಿನ ಬುರುಗು

ಅಪ್ಪ ಆ ಮಾತನ್ನು ಮೂರು ಸಲ ಅಂದ. ಮೂರು ಸಲವೂ ನನಗೆ ಕೇಳಿಸಿದ್ದು ‘ಓಣಿ’ ಎಂದು.

ಅವನಿಗೆ ಲಕ್ವಾ ಹೊಡೆದು ಆಗ ಎಂಟು ತಿಂಗಳು. ಬಲಗೈ, ಬಲಗಾಲು, ಮುಖದ ಬಲಮಗ್ಗಲು ಮೂರೂ ಸುಮ್ಮನಾಗಿದ್ದವು. ನಾಲಿಗೆ ಪೂರ್ತಿ ಹೊರಳುತ್ತಿರಲಿಲ್ಲ. ಅವ್ವ ಅವನ ಅರ್ಧ ಮಾತಿನಿಂದಲೇ ಇಡೀ ಅರ್ಥ ತೆಗೆಯುತ್ತಿದ್ದಳು. ವರ್ಷಕ್ಕೆ ಮೂರು ಸಲ ಬೆಂಗಳೂರಿನಿಂದ ಬಂದು ಹೋಗುವ ನನಗೆ ಆ ವಿದ್ಯೆ ಎಲ್ಲಿಂದ ಬರಬೇಕು? ಮುಖಕ್ಕೆ ಸಾಬಾಣ ಬಳಿಸಿಕೊಂಡು ಖುರ್ಚಿಯಲ್ಲಿ ಕೂತಿದ್ದ ಅಪ್ಪ ನನ್ನನ್ನೇ ನೋಡುತ್ತ “ಓ...ಣಾ” ಅಂದ. ಹೊರಗೆ ಕಟ್ಟೆಯ ಮೇಲೆ ಕೂರಬೇಕು ಅನ್ನುತ್ತಿದ್ದಾನೆ ಎಂದುಕೊಂಡು, “ದಾಡಿ ಆಗ್ಲಿ ತಡಿ ಅಪ್ಪಾ, ಆಮ್ಯಾಲ ಓಣಿಗೆ ಹೋಗೂಣು” ಎಂದೆ.

ಅವನು ಅಂದದ್ದು ‘ಒಣಾ’. ಮುಖದ ಮೇಲಿನ ಬುರುಗು ಒಣಗಿದೆ, ಅಂತ.

ಸಿರಸಂಗಿ ಎಂದರೆ ಹೊರಗಿನವರಿಗೆ ಎರಡು ಗುರುತು: ಆಸ್ತಿಯನ್ನೆಲ್ಲ ಮಕ್ಕಳ ಓದಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯರು, ಮತ್ತು ಕಾಳಮ್ಮ. ನಮ್ಮಂಥ ವಿಶ್ವಕರ್ಮರಿಗೆ ಎರಡನೆಯದೇ ಮೊದಲು. ಕಬ್ಬಿಣ, ಕಟ್ಟಿಗೆ, ಕಂಚು, ಕಲ್ಲು, ಬಂಗಾರ, ಯಾವ ಕಸುಬಿನವರಾದರೂ ಯುಗಾದಿಯ ಜಾತ್ರೆಗೆ ಕಾಳಮ್ಮನ ಗುಡಿಗೆ ಬರುತ್ತಾರೆ, ಮಹಾರಾಷ್ಟ್ರದಿಂದಲೂ ಬರುತ್ತಾರೆ. ನಮ್ಮಪ್ಪ ಕಂಬಾರ. ಕುಡಗೋಲು, ಕುರ್ಚಿಗಿ, ಕೂರಿಗೆಯ ತಾಳು ಅವನ ಹೊಟ್ಟೆಪಾಡು. ಆದರೆ ಅವನಿಗೆ ಹೆಮ್ಮೆ ಇದ್ದದ್ದು ಕ್ಷೌರದ ಕತ್ತಿಗಳ ಬಗ್ಗೆ. ಊರಿನ ಕಟಿಂಗ್ ಅಂಗಡಿಯ ಕಾಕಾನ ಕತ್ತಿ ಬಾಯಿ ಸವೆದರೆ, ಚಿಟಿಕೆ ಹಾರಿದರೆ, ಸಾಣೆಗೆ ಬರುತ್ತಿದ್ದದ್ದು ಅಪ್ಪನ ಬಳಿಗೆ. ಮಸೆದ ಮೇಲೆ ತನ್ನದೇ ಮುಂಗೈ ಕೂದಲ ಮೇಲೆ ಒಮ್ಮೆ ಎಳೆದು ನೋಡಿ ಕೊಡುತ್ತಿದ್ದ. ಅದಕ್ಕೆ ಕಾಕಾ ರೊಕ್ಕ ಕೊಟ್ಟದ್ದಿಲ್ಲ, ದಾಡಿಗೆ ಅಪ್ಪ ರೊಕ್ಕ ಕೊಟ್ಟದ್ದಿಲ್ಲ. ಇಬ್ಬರೂ ಆಯಗಾರರು. ರಾಶಿಯ ಹೊತ್ತಿಗೆ ಊರವರ ಕಣದಲ್ಲಿ ಇಬ್ಬರೂ ಜೋಳ ಕಡಲಿ ಎತ್ತುತ್ತಿದ್ದರು. ತಮ್ಮತಮ್ಮಲ್ಲಿ ಲೆಕ್ಕ ಬರೆಯುತ್ತಿರಲಿಲ್ಲ. ಆಮೇಲೆ ಏಡ್ಸ್ ಭಯ ಬಂತು, ಬ್ಲೇಡನ್ನು ನಡುವೆ ಮುರಿದು ಸಿಕ್ಕಿಸುವ ಕತ್ತಿ ಬಂತು, ಅಪ್ಪನ ಸಾಣೆಕಲ್ಲಿಗೆ ಆ ಕೆಲಸ ನಿಂತಿತು. ದಾಡಿ ಮಾತ್ರ ನಿಲ್ಲಲಿಲ್ಲ. ಲಕ್ವಾ ಹೊಡೆದ ಮೇಲಂತೂ ವಾರಕ್ಕೊಮ್ಮೆ ಕಾಕಾ ತಾನೇ ಮನೆಗೆ ಬಂದು ಮಾಡಿ ಹೋಗುತ್ತಿದ್ದ.

ಇಂಥ ಮನೆಯಲ್ಲಿ ಹುಟ್ಟಿದ ನಾನು ದಾಡಿ ಕಲಿತದ್ದು 2020ರ ಲಾಕ್‌ಡೌನಿನಲ್ಲಿ, ಬೆಂಗಳೂರಿನ ಬಾಡಿಗೆ ಮನೆಯ ಬಚ್ಚಲಲ್ಲಿ, ಮೊಬೈಲಿನಲ್ಲಿ ವಿಡಿಯೋ ನೋಡುತ್ತ. ಅಂಗಡಿಗಳೆಲ್ಲ ಮುಚ್ಚಿದ್ದವು. ಮೊದಲು ಬೇಸರ ಕಳೆಯಲು ಹಿಡಿದದ್ದು ಆರು ತಿಂಗಳಲ್ಲಿ ಗೀಳಾಯಿತು. ಬ್ರಶ್ಶುಗಳಲ್ಲಿ ಎಷ್ಟು ಜಾತಿ ಎಂದು ಆಗಲೇ ಗೊತ್ತಾದದ್ದು. ಹಂದಿಯ ಕೂದಲಿನದು ಬಿರುಸು. ಉಪಯೋಗಿಸುವ ಮೊದಲು ಸ್ವಲ್ಪ ಹೊತ್ತು ನೆನೆಯಬೇಕು, ಕೆಲವು ವಾರ ಬಳಸಿದ ಮೇಲೆ ತುದಿ ಸೀಳಿ ಮೆತ್ತಗಾಗುತ್ತದೆ. ಬ್ಯಾಡ್ಜರ್ ಎಂಬ ಬಿಲ ತೋಡುವ ಪ್ರಾಣಿಯ ಕೂದಲು ಮೊದಲೇ ಮೆತ್ತಗೆ, ನೀರನ್ನು ಹೊಟ್ಟೆ ತುಂಬ ಹಿಡಿದುಕೊಳ್ಳುತ್ತದೆ. ಅದರ ಕೂದಲು ಬಹುಪಾಲು ಬರುವುದು ಚೀನಾದಿಂದ. ನೈಲಾನಿನದು ನೀರು ಹೀರುವುದು ತೀರ ಕಡಿಮೆ, ಕೂದಲ ಸಂದಿಯಲ್ಲಿ ನಿಂತಷ್ಟೇ; ಹಾಗಾಗಿ ಬೇಗ ಒಣಗುತ್ತದೆ, ಅಗ್ಗವೂ ಹೌದು. ನಾನು ಕೊಂಡದ್ದು ಬ್ಯಾಡ್ಜರ್. ಬೆಲೆಯನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಅದರ ಜೊತೆ ಒಂದು ದುಂಡನೆಯ ಗಟ್ಟಿ ಶೇವಿಂಗ್ ಸೋಪು.

ಬೆಂಗಳೂರಲ್ಲಿ ಅದು ಸೊಗಸಾಗಿ ನಡೆಯುತ್ತಿತ್ತು. ನೆನೆದ ಬ್ರಶ್ಶನ್ನು ಒಮ್ಮೆ ಝಾಡಿಸಿ ಸೋಪಿನ ಮೇಲೆ ಮೂವತ್ತು ಸುತ್ತು ತಿರುವಿದರೆ ಕೂದಲ ತುದಿಗೆ ಅಂಟು ಲೇಪ ಹತ್ತುತ್ತದೆ. ಆಮೇಲೆ ಬಟ್ಟಲಿನಲ್ಲೋ ಮುಖದ ಮೇಲೆಯೋ ಕಡೆಯುತ್ತ, ಬ್ರಶ್ಶಿನ ತುದಿಯನ್ನು ನೀರಿಗೆ ಮುಟ್ಟಿಸಿ ಮುಟ್ಟಿಸಿ ಹನಿಹನಿಯಾಗಿ ನೀರು ಕೂಡಿಸಬೇಕು. ಮೊದಲು ದೊಡ್ಡ ಗುಳ್ಳೆ ಏಳುತ್ತವೆ. ಅದು ನೊರೆಯಲ್ಲ, ಬರೀ ಗಾಳಿ. ಕಡೆಯುತ್ತ ಹೋದಂತೆ ಗುಳ್ಳೆ ಸಣ್ಣದಾಗಿ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ಕೊನೆಗೆ ಕೆನೆಮೊಸರಿನ ಹಾಗೆ ಮಿನುಗುತ್ತದೆ. ಮೈ ತೊಳೆಯುವ ಸೋಪಿನಲ್ಲಿ ಕೊಬ್ಬರಿ ಎಣ್ಣೆಯ ಅಂಶದಿಂದ ಬೇಗ ಏಳುವ ದೊಡ್ಡ ನೊರೆ ಅಷ್ಟೇ ಬೇಗ ಇಳಿಯುತ್ತದೆ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲ ಹೆಚ್ಚು, ಅದಕ್ಕೇ ಆ ನೊರೆ ದಪ್ಪ, ಗಟ್ಟಿ. ಗಡ್ಡದ ಕೂದಲು ನೀರು ಕುಡಿದರೆ ಮೆತ್ತಗಾಗುತ್ತದೆ, ಅದಕ್ಕೆ ಎರಡು ಮೂರು ನಿಮಿಷ ಬೇಕು. ಅಷ್ಟು ಹೊತ್ತು ನೀರನ್ನು ಕೂದಲಿಗೆ ಒತ್ತಿ ಹಿಡಿಯುವುದೇ ಆ ನೊರೆಯ ಕೆಲಸ. ಇದನ್ನೆಲ್ಲ ನಾನು ಯಾರು ಸಿಕ್ಕರೂ ಹೇಳುತ್ತಿದ್ದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ನನ್ನ ಮೇಜಿನಿಂದ ಜನ ಎದ್ದು ಹೋಗುತ್ತಿದ್ದರು.

ಅಪ್ಪನಿಗೆ ಲಕ್ವಾ ಹೊಡೆದ ಮೇಲಿನ ಯುಗಾದಿಗೆ ಮೂರು ದಿನ ಮುಂಚೆ ಬ್ರಶ್ಶು, ಸೋಪು, ಸೇಫ್ಟಿ ರೇಜರ್ ಎಲ್ಲ ಚೀಲದಲ್ಲಿಟ್ಟುಕೊಂಡು ಊರಿಗೆ ಬಂದೆ. ಅವ್ವ ಬ್ರಶ್ಶನ್ನು ಕಂಡು “ಇದು ಯಾತರ ಕೂದಲೋ?” ಅಂದಳು. ಹೇಳಿದೆ. ಜಾತ್ರೆ ಬಂದಿರುವಾಗ ಯಾವುದೋ ಪ್ರಾಣಿಯ ಕೂದಲು ಒಳಗೆ ಬಂತಲ್ಲ ಎಂದು ಅವಳು ಅದನ್ನು ಬಚ್ಚಲ ಗೂಡಿನಿಂದ ಈಚೆಗೆ ಬಿಡಲಿಲ್ಲ. ಆಗ ನಕ್ಕಿದ್ದೆ. ಅವಳ ಅನುಮಾನ ತೀರ ಹುರುಳಿಲ್ಲದ್ದಲ್ಲ ಎಂದು ಮುಂದೆ ಓದಿ ತಿಳಿಯಿತು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡ ಮುಖಕ್ಕೆ ಬಿಗಿಯಾಗಿ ಕೂರಲು ಸೈನಿಕರು ಗಡ್ಡ ಬೋಳಿಸಬೇಕಿತ್ತು. ಬ್ಯಾಡ್ಜರ್ ಕೂದಲಿಗೆ ಬರ ಬಂದು ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲಿನ ಬ್ರಶ್ಶು ಹಂಚಿದರು. ಅದರಿಂದ ಆಂಥ್ರಾಕ್ಸ್, ನಮ್ಮ ಕುರಿಗಾರರು ನೆರಡಿ ಎಂದು ಹೆದರುವ ಅದೇ ರೋಗ, ಬ್ರಿಟಿಷ್ ಮತ್ತು ಅಮೆರಿಕನ್ ಸೈನಿಕರಿಗೆ ಅಂಟಿತು. 1920ರಲ್ಲಿ ಬ್ರಿಟನ್ ಜಪಾನಿನ ಶೇವಿಂಗ್ ಬ್ರಶ್ಶುಗಳ ಆಮದನ್ನೇ ನಿಲ್ಲಿಸಿತು. ಈಗಿನ ಬ್ರಶ್ಶಿಗೆ ಆ ಭಯವಿಲ್ಲ, ಅವ್ವನಿಗೆ ಮಾತ್ರ ಇದನ್ನು ಹೇಳಲು ಹೋಗಿಲ್ಲ.

ಮರುದಿನ ಬೆಳಿಗ್ಗೆ ಕಾಕಾ ಹಡಪ ಹಿಡಿದು ಬಾಗಿಲಿಗೆ ಬಂದ. ಅಮವಾಸ್ಯೆಯ ದಿನ ದಾಡಿ ಮಾಡುವ ಹಾಗಿಲ್ಲ, ಅದಕ್ಕೇ ಹಿಂದಿನ ದಿನ. ಅಂಗಡಿಯ ಮುಂದೆ ಜಾತ್ರೆಯ ಜನ ಸಾಲುಗಟ್ಟಿತ್ತು, ಅದನ್ನು ಮಗನಿಗೆ ಬಿಟ್ಟು ಬಂದಿದ್ದ.

“ಇವತ್ತ ನಾನ ಮಾಡತೀನಿ ಕಾಕಾ. ಗದ್ದಲದಾಗ ನಿಮಗ್ಯಾಕ ತ್ರಾಸ?” ಎಂದೆ.

ಆ ಮಾತಿನಲ್ಲಿ ಕಾಳಜಿ ಅರ್ಧ ಪಾಲೂ ಇರಲಿಲ್ಲ. ಕಾಕಾ ನೋಡಲಿ ಎಂದೇ ಬ್ರಶ್ಶನ್ನು ತಂದು ಕೈಗೆ ಕೊಟ್ಟೆ. ಅವನು ಹೆಬ್ಬೆರಳಿನಿಂದ ಕೂದಲನ್ನು ಹಿಂದಕ್ಕೆ ಬಾಗಿಸಿ ಬಿಟ್ಟ, ಬುಡಕ್ಕೆ ಉಫ್ ಎಂದು ಊದಿ ನೋಡಿದ, “ಚಲೋ ಐತಿ” ಎಂದು ಹಿಂದಕ್ಕೆ ಕೊಟ್ಟ. ಮೆಟ್ಟಿಲಿಳಿಯುತ್ತ ಹಿಂತಿರುಗಿ, “ನೀರ ನೋಡ್ಕೋ ತಮ್ಮಾ” ಅಂದ.

ನೀರು ಬಿಸಿ ಇರಲಿ ಅನ್ನುತ್ತಿದ್ದಾನೆ ಎಂದುಕೊಂಡೆ. ಹಂಡೆಯ ನೀರನ್ನು ಇನ್ನಷ್ಟು ಕಾಸಿದೆ.

ಅಪ್ಪನನ್ನು ಫ್ಯಾನಿನ ಕೆಳಗೆ ಕೂರಿಸಿ, ಹೆಗಲಿಗೆ ಟವೆಲ್ ಹೊದಿಸಿ, ಬಟ್ಟಲಿನಲ್ಲಿ ಕಡೆಯಲು ಶುರು ಮಾಡಿದೆ. ಮೂವತ್ತು ಸುತ್ತು ಆಯಿತು. ಅರವತ್ತು ಆಯಿತು. ಬಟ್ಟಲಿನ ಗೋಡೆಗೆ ಬೂದು ಬಿಳುಪಿನ ಕಣಗಳು ಅಂಟಿದವು, ಒಡೆದ ಹಾಲಿನ ಹಾಗೆ. ನೊರೆ ಏಳಲೊಲ್ಲದು. ಸೋಪು ಕಡಿಮೆಯಾಯಿತೆಂದು ಮತ್ತೆ ತಿರುವಿದೆ. ನೀರು ಕಡಿಮೆಯಾಯಿತೆಂದು ಮತ್ತೆ ಸುರಿದೆ. ಕೊನೆಗೆ ತೆಳ್ಳಗೆ ಗುಳ್ಳೆಗುಳ್ಳೆಯಾದ ಏನೋ ಒಂದು ಬಂತು. ಅಪ್ಪ ನೋಡುತ್ತಿದ್ದ. ಕಾದ ಕಬ್ಬಿಣವನ್ನು ಹುಡುಗನೊಬ್ಬ ತಪ್ಪು ಬಣ್ಣದಲ್ಲಿ ಹೊರತೆಗೆದಾಗ ನೋಡುತ್ತಿದ್ದ ಅದೇ ನೋಟ. ಆ ನೋಟ ನನಗೆ ಚಿಕ್ಕಂದಿನಿಂದ ಗೊತ್ತು, ಆದರೂ ಕೈ ನಿಲ್ಲಿಸಲಿಲ್ಲ. ಕಾಕಾನನ್ನು ಕಳಿಸಿಯಾಗಿತ್ತಲ್ಲ.

ಮುಖಕ್ಕೆ ಬಳಿದೆ. ಎಡಗೆನ್ನೆಗೆ ಬಿಸಿ ತಾಗುತ್ತಲೇ ಅಪ್ಪ ತಲೆ ಸರಿಸಿದ. “ಸ್ವಲ್ಪ ಬೆಚ್ಚಗ ಇರಬೇಕು ಅಪ್ಪಾ, ಕೂದಲಾ ಮೆತ್ತಗ ಆಗತಾವ” ಎಂದು ಪಾಠ ಹೇಳಿದೆ. ಬಲಗೆನ್ನೆಗೆ ಬಳಿದಾಗ ಅವನು ಅಲುಗಲಿಲ್ಲ. ಈ ಕಡೆ ಹಿತವಾಗಿದೆ ಎಂದುಕೊಂಡು ಅಲ್ಲಿ ಇನ್ನಷ್ಟು ಹೊತ್ತು ಬ್ರಶ್ಶಾಡಿಸಿದೆ. ಆ ಮಗ್ಗಲಿಗೆ ಸ್ಪರ್ಶವೇ ಸರಿಯಾಗಿ ತಿಳಿಯುತ್ತಿರಲಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಆಮೇಲೆ ಒರೆಸಿದಾಗ ಆ ಕೆನ್ನೆ ಕೆಂಪಗೆ ಕಂದಿತ್ತು. ಎಂಟು ತಿಂಗಳಿಂದ ಫೋನಿನಲ್ಲಿ ದಿನಾ ಅಪ್ಪನ ಆರೋಗ್ಯ ವಿಚಾರಿಸುತ್ತಿದ್ದ ಮಗ ನಾನು.

ಎಡಗಡೆ ಹೇಗೋ ಮುಗಿಯಿತು. ಅಷ್ಟರಲ್ಲಿ ಬಲಗಡೆಯ ನೊರೆ ಇಳಿದು, ಫ್ಯಾನಿನ ಗಾಳಿಗೂ ಯುಗಾದಿಯ ಬಿಸಿಲಿಗೂ ಬತ್ತಿ, ಗೋಡೆಯ ಮೇಲಿನ ಹಳೆ ಸುಣ್ಣದಂತೆ ಪಕಳೆಯಾಗಿತ್ತು. ಅಪ್ಪ ಆ ಮಾತನ್ನು ಅಂದದ್ದು ಆಗ. ಮೂರನೆಯ ಸಲ ಅಂದಾಗ ನಾನು ರೇಜರ್ ಇಟ್ಟಾಗಿತ್ತು. ಜೋತ ಕೆನ್ನೆಯನ್ನು ಎಳೆದು ಹಿಡಿದಿರಲಿಲ್ಲ. ದವಡೆಯ ಅಂಚಿಗೆ ಬರುತ್ತಲೇ ಚರ್ಮ ಬ್ಲೇಡಿನ ಮುಂದೆ ಮಡಚಿಕೊಂಡಿತು.

ಗಾಯ ಚಿಕ್ಕದು, ಉಗುರಿನಷ್ಟೂ ಇರಲಿಲ್ಲ. ರಕ್ತ ಮಾತ್ರ ನಿಲ್ಲಲಿಲ್ಲ. ಪಟಿಕದ ಕಲ್ಲು ತಿಕ್ಕಿದೆ, ಅವ್ವ ಅರಿಶಿಣ ಒತ್ತಿದಳು, ಟವೆಲ್ಲು ತೊಯ್ಯಿತು. ಲಕ್ವಾದ ನಂತರ ಅಪ್ಪನಿಗೆ ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಗುಳಿಗೆ ಕೊಡುತ್ತಿದ್ದರು. ಆ ಗುಳಿಗೆಗಳನ್ನು ಬೆಂಗಳೂರಿನಿಂದ ತಿಂಗಳಾ ಕಳಿಸುತ್ತಿದ್ದವನೇ ನಾನು. ಹತ್ತಿಯ ಉಂಡೆಯನ್ನು ದವಡೆಗೆ ಒತ್ತಿ ಹಿಡಿದು ಮುಕ್ಕಾಲು ಗಂಟೆ ನಿಂತೆ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಅವನ ಉಸಿರು ನನ್ನ ಮುಂಗೈಗೆ ತಾಗುತ್ತಿತ್ತು.

“ಬ್ಯಾಳೀನ ಬೇಯೂದಿಲ್ಲ ಈ ನೀರಾಗ,” ಅಂದಳು ಅವ್ವ, ರಕ್ತದ ಟವೆಲ್ಲನ್ನು ಹಿಂಡುತ್ತ. “ನಿನ್ನ ಸಾಬಾಣ ಏನ್ ಬುರುಗ ಕೊಡತೈತಿ?”

ಯುಗಾದಿಯ ದಿನ ಮನೆ ತುಂಬ ಬೀಗರು ನೆಂಟರು. ಹೊಸ ಗೋದಿ ತಂದು ದೇವಿಗೆ ಅರ್ಪಿಸಿ ಬಂದವರೆಲ್ಲ ಕಂಬಾರನನ್ನು ಮಾತಾಡಿಸಿ ಹೋಗಲು ಬಂದರು. ಜೀವಮಾನವಿಡೀ ಕತ್ತಿಗೆ ಬಾಯಿ ಕೊಟ್ಟವನು ದವಡೆಗೆ ಹತ್ತಿ ಅಂಟಿಸಿಕೊಂಡು, ಅರ್ಧ ಕೆನ್ನೆ ಬೆಳ್ಳಗೆ ಅರ್ಧ ಕೆನ್ನೆ ಕುರುಚಲಾಗಿ ಕೂತಿದ್ದ. ಬಂದ ಒಬ್ಬೊಬ್ಬರೂ “ಏನಾತು?” ಎಂದು ಕೇಳಿದರು. ನಾನು ಒಳಗೆ ನೀರು ತರಲು ಹೋಗುತ್ತಿದ್ದೆ.

ಹಬ್ಬ ಮುಗಿದ ಮೇಲೆ ಕಾಕಾನ ಅಂಗಡಿಗೆ ಹೋದೆ. ಹೋಗಲು ಎರಡು ದಿನ ಹಿಡಿಯಿತು. ಗಿರಾಕಿ ಇರಲಿಲ್ಲ, ಹಡಪದ ಅಪ್ಪಣ್ಣನವರ ಫೋಟೋ ಕೆಳಗಿನ ಬೆಂಚಿನ ಮೇಲೆ ಪೇಪರು ಓದುತ್ತಿದ್ದ. ಸಂಗತಿ ಆಗಲೇ ಅವನಿಗೆ ಮುಟ್ಟಿತ್ತು, ಕೇಳಲಿಲ್ಲ. ಮೂಲೆಯಲ್ಲಿದ್ದ ಇಪ್ಪತ್ತು ಲೀಟರಿನ ಕ್ಯಾನನ್ನು ಪೇಪರಿನಿಂದಲೇ ತೋರಿಸಿದ.

“ಫಿಲ್ಟರ್ ನೀರು. ಐದು ರೂಪಾಯಿ. ಬೋರಿನ ನೀರಾಗ ಕ್ರೀಮು ಎರಡು ಪಟ್ಟು ಹೋಗತೈತಿ, ದಾಡೀನೂ ಉರೀತೈತಿ. ಐದು ರೂಪಾಯಿ ನೀರಿಗೆ ಕೊಟ್ರ ಇಪ್ಪತ್ತು ರೂಪಾಯಿ ಕ್ರೀಮು ಉಳಿತೈತಿ. ನಾ ನೀರ ನೋಡ್ಕೋ ಅಂದಿದ್ನಲ್ಲ?”

ಮನೆಗೆ ಬಂದು ಎರಡು ಬಟ್ಟಲಿಟ್ಟುಕೊಂಡು ಕೂತೆ. ಅದೇ ಸೋಪು, ಅದೇ ಬ್ರಶ್ಶು, ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಫಿಲ್ಟರಿನದು. ಫಿಲ್ಟರ್ ನೀರಿನಲ್ಲಿ ಇಪ್ಪತ್ತೈದು ಸುತ್ತಿಗೆ ಬೆಂಗಳೂರಿನ ಕೆನೆ ಬಂತು. ಬೋರಿನದರಲ್ಲಿ ಮತ್ತೆ ಅದೇ ಒಡೆದ ಹಾಲು. ಸವಳು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ನೀರಿನಲ್ಲಿ ಕರಗದ ಗಸಿ ಮಾಡಿಬಿಡುತ್ತವೆ. ರಾಶಿಯಲ್ಲಿ ಆಯಗಾರರ ಪಾಲು ಮೊದಲು ಎದ್ದ ಹಾಗೆ, ಅವುಗಳ ಪಾಲು ತೀರಿದ ಮೇಲೆ ಉಳಿದ ಸೋಪಷ್ಟೇ ನೊರೆಯಾಗುವುದು. ತೊಗರಿಬೇಳೆ ಬೇಯದಿರುವುದೂ ಅದೇ ಕ್ಯಾಲ್ಸಿಯಂನಿಂದ. ಬೇಳೆಯ ಪೆಕ್ಟಿನ್ನನ್ನು ಅದು ಬಿಗಿದು ಕಟ್ಟುತ್ತದೆ. ಕುದಿಸಿದರೆ ಗಡಸು ಒಂದಿಷ್ಟು ಇಳಿಯುವುದು ನಿಜ, ಹಂಡೆಯ ಒಳಗೋಡೆಗೆ ಕಟ್ಟುವ ಬಿಳಿ ಪದರ ಅದೇ. ಆದರೆ ಸಲ್ಫೇಟು, ಕ್ಲೋರೈಡಿನ ರೂಪದಲ್ಲಿರುವ ಗಡಸು ಎಷ್ಟು ಕುದಿಸಿದರೂ ಜಗ್ಗುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ, ಐಎಸ್ 10500, ಲೀಟರಿಗೆ 200 ಮಿಲಿಗ್ರಾಂ ಗಡಸುತನ ಸಾಕು ಅನ್ನುತ್ತದೆ, ಬೇರೆ ನೀರೇ ಇಲ್ಲದ ಕಡೆ 600ರ ತನಕ ಬಿಡುತ್ತದೆ. ನಮ್ಮ ಬೋರನ್ನು ನಾನು ಅಳೆಸಿಲ್ಲ. ಅವ್ವನ ಬೇಳೆ ಅಳೆದಿದೆ.

ಮುಂದಿನ ವಾರ ಕಾಕಾ ಬಂದಾಗ ರಜೆ ಮುಂದುವರಿಸಿ ಮನೆಯಲ್ಲೇ ಇದ್ದೆ, ಬದಿಗೆ ನಿಂತು ನೋಡಿದೆ. ಅವನ ಬ್ರಶ್ಶು ಪ್ಲಾಸ್ಟಿಕ್ ಹಿಡಿಕೆಯ ನೈಲಾನಿನದು, ಕೂದಲು ಅರ್ಧ ಉದುರಿತ್ತು. ಫ್ಯಾನು ಮೊದಲು ಬಂದ್ ಮಾಡಿದ. ಒದ್ದೆ ಅಂಗೈಯಿಂದ ಅಪ್ಪನ ಇಡೀ ಮುಖವನ್ನು ಸವರಿದ, ಕೆಳಗಿನಿಂದ ಮೇಲೆ, ಆಮೇಲೆ ಮೇಲಿನಿಂದ ಕೆಳಗೆ. ಗಂಟಲಿನ ಬಲಕ್ಕೆ ಒಂದು ಕಡೆ ಬೆರಳು ನಿಲ್ಲಿಸಿ, “ಇಲ್ಲಿ ಸುಳಿ ಐತಿ ನೋಡು” ಅಂದ. ನಾಲ್ಕು ದಶಕದಿಂದ ನೋಡಿದ ಅಪ್ಪನ ಮುಖದಲ್ಲಿ ಅಲ್ಲೊಂದು ಸುಳಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ನೀರಿನ ಬಿಸಿಯನ್ನು ಕಾಕಾ ತನ್ನ ಕೈಯಲ್ಲಿ ನೋಡಲಿಲ್ಲ. ಅಪ್ಪನ ಎಡಗೈ ಬೆರಳನ್ನು ಬಟ್ಟಲಿಗೆ ಅದ್ದಿಸಿ, ಅವನು ತಲೆ ಆಡಿಸಿದ ಮೇಲೆ ಬ್ರಶ್ಶು ಅದ್ದಿದ. ಕ್ರೀಮು ಕಡಲೆಕಾಳಿನಷ್ಟು. ಎಡಗೆನ್ನೆಗೆ ಬಳಿದು ಮುಗಿಸಿದ ಮೇಲೆಯೇ ಬಲಗೆನ್ನೆಗೆ ಬಳಿದ, ಎರಡಕ್ಕೂ ಒಟ್ಟಿಗೆ ಅಲ್ಲ. ಸುತ್ತು ಹಾಕಿ ಕೂದಲನ್ನು ನೆಟ್ಟಗೆ ನಿಲ್ಲಿಸಿ, ಕೊನೆಗೆ ಸುಣ್ಣ ಹಚ್ಚುವ ಹಾಗೆ ಒಂದೇ ದಿಕ್ಕಿಗೆ ಎಳೆದು ಸಮ ಮಾಡಿದ. ಜೋತ ಕೆನ್ನೆಯನ್ನು ಎರಡು ಬೆರಳಿನಿಂದ ಕಿವಿಯ ಕಡೆ ಎತ್ತಿ ಹಿಡಿದ. ವಾಸಿಯಾಗುತ್ತಿದ್ದ ನನ್ನ ಗಾಯವನ್ನು ಕತ್ತಿ ಮುಟ್ಟದೆ ಸುತ್ತು ಹಾಕಿ ಹೋಯಿತು.

ಹೋಗುವಾಗ ನೂರರ ನೋಟು ಚಾಚಿದೆ. ಕಾಕಾ ಅದನ್ನು ನೋಡಲೂ ಇಲ್ಲ. “ನಿಮ್ಮಪ್ಪಂದು ನಂದು ಲೆಕ್ಕ ಬ್ಯಾರೆ ಐತಿ” ಎಂದು ಹಡಪ ಮುಚ್ಚಿದ. ಅಪ್ಪ ಎಡಗೈ ಎತ್ತಿ ನನ್ನನ್ನು ಒಳಗೆ ಹೋಗು ಎಂದು ಸನ್ನೆ ಮಾಡಿದ. ನೋಟು ಚಾಚಿದ್ದು ಆ ದಿನದ ನನ್ನ ಎರಡನೆಯ ತಪ್ಪು. ಮೊದಲನೆಯದು, ಕಾಕಾ ಬರುತ್ತಲೇ ಬ್ಯಾಡ್ಜರ್ ಬ್ರಶ್ಶನ್ನು ಅವನಿಗೆ ಉಡುಗೊರೆ ಕೊಡಲು ಹೋದದ್ದು. “ಇದನ್ನ ಒಣಗಸೂದ್ ಯಾರು? ನನಗ ದಿನಾ ಮೂವತ್ತು ಮುಖ ಅದಾವು” ಎಂದು ನಕ್ಕು ಬಿಟ್ಟಿದ್ದ.

ದೀಪಾವಳಿಗೆ ಮತ್ತೆ ಹೋದೆ. ಈ ಸಲ ಕೇಳಿದೆ, ಅಪ್ಪನನ್ನೂ ಕಾಕಾನನ್ನೂ. ಇಬ್ಬರೂ ಬ್ಯಾಡ ಅನ್ನಲಿಲ್ಲ; ಕಾಕಾ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಕಣ್ಣಿಟ್ಟಿದ್ದ. ಫಿಲ್ಟರ್ ನೀರು ತಂದಿದ್ದೆ. ಅಪ್ಪನ ಬೆರಳು ಅದ್ದಿಸಿದೆ. ಅವನು ಒಂದು ಚೂರು ನೊರೆಯನ್ನು ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದ, ಮೊದಲೆಲ್ಲ ಕತ್ತಿಯ ಬಾಯಿ ನೋಡುತ್ತಿದ್ದ ಹಾಗೆ. ಎಡಗೆನ್ನೆ ಮುಗಿಯಿತು. ಬಲಕ್ಕೆ ಬಳಿದು ರೇಜರ್ ಎತ್ತುವಷ್ಟರಲ್ಲಿ ಅಪ್ಪ ಏನೋ ಅಂದ.

ಕೈ ಅಲ್ಲೇ ನಿಲ್ಲಿಸಿದೆ. “ಒಣಾನೋ, ಓಣೀನೋ?”

ಅರ್ಧ ಬಾಯಿ ನಕ್ಕಿತು. “ಓಣಿ” ಅಂದ, ಈ ಸಲ ಸ್ಪಷ್ಟವಾಗಿ.

ರೇಜರ್ ಕೆಳಗಿಟ್ಟು, ಅಪ್ಪನ ಎಡಗೈಗೆ ಬಟ್ಟಲು ಕೊಟ್ಟು, ಕಾಕಾನನ್ನು ಕರೆದೆ. ಇಬ್ಬರೂ ಸೇರಿ ಖುರ್ಚಿಯನ್ನು ಎತ್ತಿಕೊಂಡು ಹೊಸ್ತಿಲು ದಾಟಿದೆವು.